ರಣಭೂಮಿಯ ಪಕ್ಕದಲ್ಲಿ ಮನೆ ಮಾಡಿರುವ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಆತ್ಮೀಯ ಬಂಧುಗಳೇ,

ಸೆಂಟರ್‌ವಿಲ್, ಶಾಂಟಿಲಿ, ಗೇನ್ಸ್‌ವಿಲ್, ಹೇಮಾರ್ಕೆಟ್, ಬ್ರಿಸ್ಟೋ. ಉತ್ತರ ವರ್ಜೀನಿಯಾದ ಈ ಊರುಗಳಲ್ಲಿ ಇವತ್ತು ಕನ್ನಡದ ಮನೆಗಳು ಎಷ್ಟೋ ಇವೆ. ಮನೆ ಕೊಳ್ಳುವಾಗ ಶಾಲೆ ಹೇಗಿದೆ ಎಂದು ನೋಡುತ್ತೇವೆ, ಆಫೀಸಿಗೆ ಎಷ್ಟು ಹೊತ್ತು ಎಂದು ನೋಡುತ್ತೇವೆ, ಬಾಗಿಲು ಯಾವ ದಿಕ್ಕಿಗಿದೆ ಎಂದೂ ನೋಡುತ್ತೇವೆ. ಆ ನೆಲದ ಮೇಲೆ ಹಿಂದೆ ಏನು ನಡೆದಿತ್ತು ಎಂದು ವಿಚಾರಿಸುವವರು ಕಡಿಮೆ. ಅಂತರ್ಯುದ್ಧದ ರಣಭೂಮಿಯಾಗಿದ್ದ ಆ ನೆಲವನ್ನು ಉಳಿಸಬೇಕೋ ಕಟ್ಟಡಕ್ಕೆ ಬಿಡಬೇಕೋ ಎಂಬುದು ಕೌಂಟಿಯ, ಅಂದರೆ ಇಲ್ಲಿನ ಜಿಲ್ಲಾಡಳಿತದ, ಸಭೆಗಳಲ್ಲಿ ತೀರ್ಮಾನವಾಗುತ್ತದೆ. ಅಲ್ಲಿ ಮಾತಾಡುವ ಹಕ್ಕು ನಮಗೂ ಇದೆ. ಅದಕ್ಕಾಗಿ ಈ ಪತ್ರ.

1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದ ಬೇರು ಗುಲಾಮಗಿರಿ. ಅದನ್ನು ಉಳಿಸಿಕೊಳ್ಳಲೆಂದೇ ದಕ್ಷಿಣದ 11 ರಾಜ್ಯಗಳು ಒಕ್ಕೂಟದಿಂದ ಹೊರಬಿದ್ದವು. ಸತ್ತ ಸೈನಿಕರ ಲೆಕ್ಕ ಬಹಳ ಕಾಲ 6,20,000 ಎಂದಿತ್ತು. ಹಳೆಯ ಜನಗಣತಿಗಳನ್ನು ಒಂದಕ್ಕೊಂದು ತಾಳೆ ಹಾಕಿ 2011ರಲ್ಲಿ ಮಾಡಿದ ಅಂದಾಜು ಅದನ್ನು 7,50,000ದ ಆಸುಪಾಸಿಗೆ ಒಯ್ದಿತು. ಸತ್ತ ಮೂವರಲ್ಲಿ ಹೆಚ್ಚುಕಡಿಮೆ ಇಬ್ಬರನ್ನು ಕೊಂದದ್ದು ಗುಂಡಲ್ಲ, ಕಾಯಿಲೆ. ಬ್ರಿಸ್ಟೋದ ಹೊಸ ಬಡಾವಣೆಗೆ ಅಂಟಿಕೊಂಡಿರುವ ಕೌಂಟಿ ಪಾರ್ಕಿನೊಳಗೆ ಅಲಬಾಮಾದ ಸೈನಿಕರ ಸಮಾಧಿಗಳಿವೆ. 1861ರಲ್ಲಿ ಅಲ್ಲಿ ಬಿಡಾರ ಹೂಡಿದ್ದ ಆ ಹುಡುಗರು ಒಂದು ಗುಂಡೂ ಹಾರಿಸದೆ ದಡಾರ, ಟೈಫಾಯ್ಡ್ ತಗುಲಿ ಸತ್ತವರು. ಚಿಕ್ಕಂದಿನಲ್ಲಿ ದಡಾರ ಬಾರದೆ ಬೆಳೆದ ಒಂಟಿ ತೋಟದಮನೆಯ ಹುಡುಗರನ್ನು ಸಾವಿರಗಟ್ಟಲೆ ಒಂದೆಡೆ ಸೇರಿಸಿ, ಕುಡಿಯುವ ತೊರೆಯ ಹತ್ತಿರವೇ ಕಕ್ಕಸು ಗುಂಡಿ ತೋಡಿದರೆ ಇನ್ನೇನಾಗುತ್ತದೆ!

ಮೊದಲು ಕಳೆದುಹೋದ ನೆಲದ ಮಾತು. ಫೇರ್‌ಫ್ಯಾಕ್ಸ್‌ನ ಫೇರ್ ಓಕ್ಸ್ ಮಾಲ್ ಸುತ್ತಮುತ್ತ 1862ರ ಸೆಪ್ಟೆಂಬರ್ 1ರ ಸಂಜೆ ಆಕ್ಸ್ ಹಿಲ್ ಕಾಳಗ ನಡೆಯಿತು. ಗುಡುಗು ಮಿಂಚಿನ ಜಡಿಮಳೆಯಲ್ಲಿ ನಡೆದ ಕಾಳಗ ಅದು. ಆ ಕಾಲದ ಕೋವಿಯ ತೋಟಾ ಅಂದರೆ ಕಾಗದದ ಸುರುಳಿ: ಒಳಗೆ ಸುಮಾರು 60 ಗ್ರೇನ್ ಕರಿಮದ್ದು, ಅಂದರೆ 4 ಗ್ರಾಂನಷ್ಟು, ಜತೆಗೆ ಸುಮಾರು 30 ಗ್ರಾಂನ ಸೀಸದ ಗುಂಡು. ಸೈನಿಕ ಅದನ್ನು ಸೊಂಟದ ಚರ್ಮದ ಪೆಟ್ಟಿಗೆಯಿಂದ ತೆಗೆದು, ಹಲ್ಲಿನಿಂದ ಕಚ್ಚಿ ಹರಿದು, ಮದ್ದನ್ನು ನಳಿಗೆಗೆ ಸುರಿದು, ಗುಂಡನ್ನು ನಳಿಗೆಯ ಬಾಯಿಗಿಟ್ಟು, ಕಬ್ಬಿಣದ ಗಜದಿಂದ ತಳದವರೆಗೆ ಜಡಿದು, ಗಜವನ್ನು ಮತ್ತೆ ಅದರ ಜಾಗಕ್ಕೆ ಸೇರಿಸಿ, ಕೋವಿಯ ಕುದುರೆಯನ್ನು, ಅಂದರೆ ಬಡಿಯುವ ಸುತ್ತಿಗೆಯನ್ನು, ಅರ್ಧ ಎಳೆದು ಕಿಡಿ ಹತ್ತಿಸುವ ತಾಮ್ರದ ಕೇಪು ಕೂರಿಸಿ, ಆಮೇಲೆ ಪೂರ್ತಿ ಎಳೆದು ಹಾರಿಸಬೇಕು. ಪಳಗಿದ ಕೈ ನಿಮಿಷಕ್ಕೆ ಮೂರು ಸಲ ಹಾರಿಸೀತು. ಮಳೆಯಲ್ಲಿ ಕಾಗದ ನೆನೆದರೆ ಮದ್ದು ಕೆಸರು. ಆ ಸಂಜೆ ಸಾಲು ಸಾಲು ಕೋವಿಗಳು ಕೈಕೊಟ್ಟವು. ಅನೇಕ ಕಡೆ ಕೋವಿಯ ತುದಿಗೆ ಸಿಕ್ಕಿಸುವ ಚೂರಿಯಲ್ಲೇ, ಬಯೊನೆಟ್ಟಿನಲ್ಲೇ, ಹೊಡೆದಾಡಿದರು. ಉತ್ತರದ ಇಬ್ಬರು ಜನರಲ್‌ಗಳು, ಐಸಾಕ್ ಸ್ಟೀವನ್ಸ್ ಮತ್ತು ಫಿಲಿಪ್ ಕಿಯರ್ನಿ, ಅಲ್ಲಿ ಸತ್ತರು. ಕಿಯರ್ನಿ ಕತ್ತಲು ಮಳೆಯಲ್ಲಿ ದಾರಿ ತಪ್ಪಿ ಶತ್ರುವಿನ ಸಾಲಿನೊಳಕ್ಕೇ ಕುದುರೆ ಓಡಿಸಿದ್ದ.

ನೂರಾರು ಎಕರೆಯ ಆ ರಣಭೂಮಿಯಲ್ಲಿ ಇವತ್ತು ಪಾರ್ಕಾಗಿ ಉಳಿದಿರುವುದು 5 ಎಕರೆಗೂ ಕಡಿಮೆ. ಮಿಕ್ಕದ್ದು ಮಾಲ್, ರಸ್ತೆ, ಟೌನ್‌ಹೌಸು. 1980ರ ದಶಕದಲ್ಲಿ ಕಣ್ಣೆದುರೇ ಅದು ಹೋದದ್ದನ್ನು ಕಂಡ ಕೆಲವರು ರೊಚ್ಚಿಗೆದ್ದು 1987ರಲ್ಲಿ ಸಂಘ ಕಟ್ಟಿದರು. ಈಗ ದೇಶದಾದ್ಯಂತ 60,000 ಎಕರೆ ಮೀರಿ ರಣಭೂಮಿ ಉಳಿಸಿರುವ ಅಮೆರಿಕನ್ ಬ್ಯಾಟಲ್‌ಫೀಲ್ಡ್ ಟ್ರಸ್ಟ್‌ನ ಮೂಲ ಅಲ್ಲಿದೆ.

ನೆಲ ಯಾಕೆ ಬೇಕು, ಪುಸ್ತಕ ಇಲ್ಲವೇ, ಒಂದು ಫಲಕ ಹಾಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಉತ್ತರ ಮನಾಸಸ್ ರಾಷ್ಟ್ರೀಯ ರಣಭೂಮಿ ಪಾರ್ಕಿನಲ್ಲೇ ಇದೆ. ಅಲ್ಲಿ ಎರಡು ಸಲ ಯುದ್ಧವಾಯಿತು. 1861ರ ಜುಲೈ 21ರದು ಇಡೀ ಅಂತರ್ಯುದ್ಧದ ಮೊದಲ ದೊಡ್ಡ ಕಾಳಗ. ಸತ್ತವರು, ಗಾಯಗೊಂಡವರು, ಸಿಗದೆ ಹೋದವರು ಸೇರಿ ಐದು ಸಾವಿರದ ಹತ್ತಿರ. 1862ರ ಆಗಸ್ಟ್ 28ರಿಂದ 30ರವರೆಗಿನದು ಅದರ ನಾಲ್ಕು ಪಟ್ಟು ಮೀರಿದ್ದು, ಸುಮಾರು 22,000. ರಣಭೂಮಿ ಓದುವವರು ಐದು ಪ್ರಶ್ನೆ ಹಿಡಿದು ನಡೆಯುತ್ತಾರೆ. ಯಾವ ಎತ್ತರ ಕೈಯಲ್ಲಿದ್ದರೆ ಗೆಲುವು? ಎಲ್ಲಿಂದ ಎಲ್ಲಿಯವರೆಗೆ ಕಣ್ಣು ಹೋಗುತ್ತದೆ, ಗುಂಡು ಹೋಗುತ್ತದೆ? ಮರೆ ಎಲ್ಲಿದೆ? ಅಡ್ಡಿ ಯಾವುದು, ತೊರೆಯೋ ಬೇಲಿಯೋ? ದಂಡು ಬರುವ, ಹಿಂದೆಗೆಯುವ ದಾರಿ ಯಾವುದು?

ಈ ಪ್ರಶ್ನೆ ಹಿಡಿದು ಪಾರ್ಕಿನ ಉತ್ತರ ಬದಿಯಲ್ಲಿರುವ, ಪೂರ್ಣವಾಗದ ರೈಲುದಾರಿಯ ಗುಂಟ ನಡೆಯಿರಿ. 1850ರ ದಶಕದಲ್ಲಿ ಮಣ್ಣು ಕಡಿದು, ಏರಿ ಹಾಕಿ, ಹಳಿ ಹಾಕದೆ ಬಿಟ್ಟುಹೋದ ದಾರಿ ಅದು. ಇಂದಿಗೂ ಕಾಡಿನೊಳಗೆ ಏರಿ ಎದ್ದು ಕಾಣುತ್ತದೆ, ತಗ್ಗು ತಗ್ಗಾಗಿಯೇ ಇದೆ. ದಕ್ಷಿಣದ ಜನರಲ್ ಜಾಕ್ಸನ್ ಎರಡನೇ ಕಾಳಗದಲ್ಲಿ ತನ್ನ ದಂಡನ್ನು ಅದರ ಹಿಂದೆ ನಿಲ್ಲಿಸಿದ. ಡೀಪ್ ಕಟ್ ಎನ್ನುವಲ್ಲಿ ನಿಂತು ಎದುರಿನ ಬಯಲು ನೋಡಿದರೆ, ಆಗಸ್ಟ್ 30ರ ಮಧ್ಯಾಹ್ನ ಉತ್ತರದ ಸೈನಿಕರು ಎಷ್ಟು ದೂರ ಬಟಾಬಯಲಲ್ಲಿ ಏರು ಹತ್ತಿ ಬರಬೇಕಿತ್ತು ಎಂದು ಕಾಲಿಗೇ ಗೊತ್ತಾಗುತ್ತದೆ. ಗುಂಡು ತೀರಿದ ದಕ್ಷಿಣದವರು ಆ ಏರಿಯ ಕಲ್ಲುಗಳನ್ನೇ ಎತ್ತಿ ಎಸೆದರು. ಹೆನ್ರಿ ಹಿಲ್ ಮೇಲಿನ ಮೊದಲ ಕಾಳಗದ ಎಡವಟ್ಟೂ ನೆಲದ ಮೇಲೆ ನಿಂತರೇ ತಿಳಿಯುವಂಥದು. ಆಗಿನ್ನೂ ಎರಡೂ ಕಡೆಗೆ ಒಂದೇ ಬಗೆಯ ಸಮವಸ್ತ್ರ ಗೊತ್ತಾಗಿರಲಿಲ್ಲ. ನೀಲಿ ಉಟ್ಟಿದ್ದ 33ನೇ ವರ್ಜೀನಿಯಾ ರೆಜಿಮೆಂಟನ್ನು ತಮ್ಮವರೆಂದು ತಿಳಿದು ಉತ್ತರದ ತೋಪಿನವರು ಹೊಡೆಯದೆ ತಡೆದರು. ಹತ್ತಿರ ಬಂದ ಆ ರೆಜಿಮೆಂಟ್ ಒಂದೇ ಸುತ್ತಿಗೆ ತೋಪಿನವರನ್ನು ಮಲಗಿಸಿತು. ಆ ಜಾಗದಲ್ಲಿ ಈಗಲೂ ತೋಪುಗಳನ್ನು ನಿಲ್ಲಿಸಿದ್ದಾರೆ. ನೋಡುವಾಗ ಒಂದು ಗುರುತು: ಹಸಿರುಗಟ್ಟಿದ ಕಂಚಿನದು ಸಾಮಾನ್ಯವಾಗಿ ನುಣುಪು ನಳಿಗೆಯ ನೆಪೋಲಿಯನ್ ಎಂಬ ತೋಪು, ಕಪ್ಪು ಕಬ್ಬಿಣದ್ದಾಗಿ ಬುಡಕ್ಕೆ ದಪ್ಪ ಪಟ್ಟಿ ಇದ್ದರೆ ಅದು ಪ್ಯಾರಟ್, ಒಳಗೆ ಸುರುಳಿಗೆರೆ ಇರುವುದರಿಂದ ಗುರಿ ದೂರದ್ದು.

ಮಣ್ಣಿನೊಳಗಿನ ದಾಖಲೆ ಇನ್ನೂ ಸೂಕ್ಷ್ಮ. ಹಾರಿಸದೆ ಕೈತಪ್ಪಿ ಬಿದ್ದ ಸೀಸದ ಗುಂಡು ಉಂಗುರಗೆರೆ ಸಮೇತ ಹೊಸದರಂತಿರುತ್ತದೆ, ಹಾರಿಸಿದ್ದು ಚಪ್ಪಟೆಯಾಗಿರುತ್ತದೆ. ಬೀಳಿಸಿದ ಗುಂಡುಗಳು ಸಾಲಾಗಿ ಸಿಕ್ಕರೆ ಅಲ್ಲಿ ಸೈನಿಕರು ನಿಂತು ಗುಂಡು ತುಂಬುತ್ತಿದ್ದರು. ಚಪ್ಪಟೆ ಗುಂಡುಗಳು ದಟ್ಟವಾಗಿದ್ದರೆ ಅದು ಅವರ ಗುರಿ. ಮೂರು ಉಂಗುರದ್ದು ಹೆಚ್ಚಾಗಿ ಉತ್ತರದವರ ಗುಂಡು, ಗಾರ್ಡ್ನರ್ ಎಂಬ ಎರಡು ಉಂಗುರದ ಗುಂಡು ದಕ್ಷಿಣದವರದು. ಹೀಗೆ ಗುಂಡಿನ ಜಾಗ ಗುರುತಿಸಿಕೊಂಡು ಹೋದರೆ, ಸೋತ ಸೇನಾಪತಿ ತನ್ನ ವರದಿಯಲ್ಲಿ ಮುಚ್ಚಿಟ್ಟದ್ದನ್ನೂ ನೆಲ ಹೇಳಿಬಿಡುತ್ತದೆ. ಇದೆಲ್ಲ ಇರುವುದು ಬಹುಮಟ್ಟಿಗೆ ನೇಗಿಲು ಮುಟ್ಟುವ ಮೇಲಿನ ಪದರದಲ್ಲಿ, ಒಂದಡಿಯೊಳಗೆ. ಬುಲ್ಡೋಜರ್ ಮೊದಲು ಕೆರೆದು ತೆಗೆಯುವುದೂ ಅದೇ ಒಂದಡಿಯನ್ನು.

2014ರಲ್ಲಿ ಮನಾಸಸ್ ಪಾರ್ಕಿನೊಳಗೆ ಪೈಪು ಕೇಬಲ್ಲಿನ ಕೆಲಸಕ್ಕೆ ತೋಡುತ್ತಿದ್ದಾಗ ಮೂಳೆಗಳು ಸಿಕ್ಕವು. ಸ್ಮಿತ್ಸೋನಿಯನ್‌ನ ವಸ್ತುಸಂಗ್ರಹಾಲಯದ ತಜ್ಞರು ಬಿಡಿಸಿ ನೋಡಿದರು: ಎರಡನೇ ಕಾಳಗದ ವೈದ್ಯ ತೋಡಿಸಿದ ಗುಂಡಿ. ಇಬ್ಬರು ಸೈನಿಕರ ಅಸ್ಥಿಪಂಜರ, ಜತೆಗೆ ಕತ್ತರಿಸಿ ಹಾಕಿದ ಹನ್ನೊಂದು ಕೈಕಾಲುಗಳು. ಒಬ್ಬನ ತೊಡೆಮೂಳೆಯಲ್ಲಿ ಎನ್‌ಫೀಲ್ಡ್ ಕೋವಿಯ ಗುಂಡು ಅಡ್ಡಡ್ಡ ನಾಟಿಕೊಂಡೇ ಇತ್ತು. ಮೆತ್ತನೆಯ ಸೀಸದ ಆ ಗುಂಡು ಮೂಳೆಯನ್ನು ಮುರಿಯುತ್ತಿರಲಿಲ್ಲ, ಚೂರು ಮಾಡುತ್ತಿತ್ತು. ಆ ಕಾಲದಲ್ಲಿ ಕೈಕಾಲಿನ ಮೂಳೆ ಹಾಗೆ ಚೂರಾದರೆ ಬದುಕಿಸಲು ಹೆಚ್ಚಾಗಿ ಕತ್ತರಿಸುತ್ತಿದ್ದರು. ತೊಡೆಯ ಬುಡದಲ್ಲಿ ತಗುಲಿದ್ದ ಈತನಿಗೆ ಅದೂ ಸಾಧ್ಯವಿರಲಿಲ್ಲ. 2018ರ ಸೆಪ್ಟೆಂಬರಿನಲ್ಲಿ ಆ ಇಬ್ಬರನ್ನು ಆರ್ಲಿಂಗ್ಟನ್ನಿನ ರಾಷ್ಟ್ರೀಯ ಸ್ಮಶಾನದಲ್ಲಿ ಗೌರವದಿಂದ ಮಣ್ಣು ಮಾಡಿದರು. ಶವಪೆಟ್ಟಿಗೆಗೆ ಬಳಸಿದ್ದು ಅದೇ ರಣಭೂಮಿಯಲ್ಲಿ ಉರುಳಿದ್ದ ಮರವನ್ನು. ಯಾರಾದರೊಬ್ಬ ಹವ್ಯಾಸಿ ಮೊದಲೇ ಮೆಟಲ್ ಡಿಟೆಕ್ಟರ್ ಹಿಡಿದು ಬಂದು ಆ ಗುಂಡನ್ನು ಕಿತ್ತುಕೊಂಡು ಹೋಗಿದ್ದರೆ ಈ ಕಥೆಯೆಲ್ಲ ಒಂದು ಮೇಜಿನ ಮೇಲಿನ ಸೀಸದ ಉಂಡೆಯಾಗಿ ಮುಗಿಯುತ್ತಿತ್ತು.

ಇನ್ನು ಕಾನೂನು. ನಕಾಶೆಯಲ್ಲಿ ರಣಭೂಮಿ ಎಂದು ಬಣ್ಣ ಬಳಿದಿದ್ದರೆ ಅದು ಸುರಕ್ಷಿತ ಎಂದು ನಮ್ಮವರಲ್ಲಿ ಬಹಳ ಮಂದಿ ನಂಬಿದ್ದಾರೆ. ಹಾಗಿಲ್ಲ. 1993ರ ಕೇಂದ್ರ ಆಯೋಗ ಸುಮಾರು 10,500 ಕದನಗಳಲ್ಲಿ 384 ಪ್ರಮುಖ ರಣಭೂಮಿಗಳನ್ನು ಗುರುತಿಸಿತು. ಐದರಲ್ಲೊಂದು ಆಗಲೇ ಹೋಗಿಯಾಗಿತ್ತು. ಕಾಳಗದ ತಿರುಳು ಪ್ರದೇಶ ಯಾವುದು, ದಂಡುಗಳು ಓಡಾಡಿದ ಹೊರವಲಯ ಯಾವುದು ಎಂದು ಗೆರೆ ಎಳೆಯಿತು. ಆ ಗೆರೆಗೆ ಕಾನೂನಿನ ಬಲ ಇಲ್ಲ. ರಾಷ್ಟ್ರೀಯ ಐತಿಹಾಸಿಕ ತಾಣಗಳ ಪಟ್ಟಿಗೆ ಸೇರಿದ ಖಾಸಗಿ ಹೊಲದಲ್ಲೂ ಮಾಲೀಕ ಕಟ್ಟಡ ಕಟ್ಟಬಹುದು. 1966ರ ಪರಂಪರೆ ರಕ್ಷಣಾ ಕಾಯ್ದೆಯ 106ನೇ ಕಲಂ ಅಡಿಯ ವಿಚಾರಣೆ ಕೇಂದ್ರದ ಹಣವೋ ಪರವಾನಗಿಯೋ ಬೇಕಾದಾಗ ಮಾತ್ರ ಬರುತ್ತದೆ. ಜೌಗು ನೆಲ ಮುಚ್ಚಲು ಸೇನೆಯ ಎಂಜಿನಿಯರುಗಳ ಒಪ್ಪಿಗೆ ಬೇಕಾದಾಗ, ಉದಾಹರಣೆಗೆ. ಅದೂ ವಿಚಾರಣೆಯಷ್ಟೇ, ತಡೆಯಲ್ಲ. ನಿಜವಾಗಿ ನೆಲ ಉಳಿಸುವುದು ಮೂರೇ: ಪಾರ್ಕೋ ಟ್ರಸ್ಟೋ ಅದನ್ನು ಕೊಳ್ಳಬೇಕು, ಮಾಲೀಕ ಇನ್ನು ಮುಂದೆ ಇಲ್ಲಿ ಕಟ್ಟುವುದಿಲ್ಲವೆಂದು ಶಾಶ್ವತ ಕರಾರು ಬರೆದುಕೊಡಬೇಕು, (ಹಾಗೆ ಕೊಟ್ಟರೆ ವರ್ಜೀನಿಯಾ ದಾನದ ಮೌಲ್ಯದ ಶೇ. 40ರಷ್ಟನ್ನು ತೆರಿಗೆಯಲ್ಲಿ ಬಿಡುತ್ತದೆ). ಅಥವಾ ಕೌಂಟಿ ಭೂಬಳಕೆ ಬದಲಾವಣೆಗೆ ಒಪ್ಪಬಾರದು. ಮೂರನೆಯದರಲ್ಲಿ ನಮ್ಮ ಮಾತಿಗೆ ಜಾಗವಿದೆ.

ತಡವಾದರೆ ಏನಾಗುತ್ತದೆ ಎಂಬುದಕ್ಕೆ 1988 ಸಾಕ್ಷಿ. ಮನಾಸಸ್ ಪಾರ್ಕಿನ ಅಂಚಿನಲ್ಲಿ, ಎರಡನೇ ಕಾಳಗದಲ್ಲಿ ದಕ್ಷಿಣದ ಸೇನಾಪತಿ ಜನರಲ್ ಲೀ ಪಾಳೆಯ ಹಾಕಿದ್ದ ಜಾಗದಲ್ಲಿ ಮಾಲ್ ಕಟ್ಟಲು ಕೆಲಸ ಶುರುವಾಗಿತ್ತು. ಅಮೆರಿಕದ ಸಂಸತ್ತು, ಕಾಂಗ್ರೆಸ್, ಕಾನೂನು ಮಾಡಿ 542 ಎಕರೆಯನ್ನು ಒಮ್ಮೆಗೇ ವಶಪಡಿಸಿಕೊಂಡಿತು. ಪರಿಹಾರದ ಮೊತ್ತ 10 ಕೋಟಿ ಡಾಲರ್ ದಾಟಿತು. ಮೊದಲೇ ಎಚ್ಚೆತ್ತಿದ್ದರೆ ಅದರ ಒಂದು ಪಾಲಿನಲ್ಲಿ ಮುಗಿಯುತ್ತಿತ್ತು, ಅಷ್ಟರಲ್ಲಿ ಬೆಟ್ಟದ ಒಂದಷ್ಟು ಭಾಗವೂ ಸಮತಟ್ಟಾಗಿತ್ತು. ಹೇಮಾರ್ಕೆಟ್ ಹತ್ತಿರದ ಡಿಸ್ನಿ ಪಾರ್ಕಿನ ಯೋಜನೆ 1993ರಲ್ಲಿ ಬಂದು 1994ರಲ್ಲಿ ವಾಪಸಾಯಿತು. ಆಮೇಲೆ ಪಾರ್ಕಿನ ಪಶ್ಚಿಮಕ್ಕೆ, ಪೇಜ್‌ಲ್ಯಾಂಡ್ ಲೇನ್ ಉದ್ದಕ್ಕೆ, 2,000 ಎಕರೆಗೂ ಹೆಚ್ಚು ನೆಲದಲ್ಲಿ ಡೇಟಾ ಸೆಂಟರ್‌ಗಳ ಯೋಜನೆ ಬಂತು. 2023ರ ಡಿಸೆಂಬರಿನಲ್ಲಿ ಕೌಂಟಿ ಮಂಡಳಿ ಅದಕ್ಕೆ ಅಲ್ಪ ಬಹುಮತದಿಂದ ಒಪ್ಪಿತು. 2025ರ ಆಗಸ್ಟಿನಲ್ಲಿ ಸರ್ಕ್ಯೂಟ್ ಕೋರ್ಟು, ಸಾರ್ವಜನಿಕ ಸೂಚನೆಯನ್ನು ಕಾನೂನಿನ ಪ್ರಕಾರ ಪ್ರಕಟಿಸಿರಲಿಲ್ಲವೆಂದು ಆ ಒಪ್ಪಿಗೆಯನ್ನು ಅನೂರ್ಜಿತಗೊಳಿಸಿತು. ವ್ಯಾಜ್ಯ ಮೇಲಿನ ಕೋರ್ಟು ಹತ್ತಿತು. ಆ ಹೊಲಗಳ ಪಕ್ಕದಲ್ಲೇ ಬ್ರಾನರ್ ಫಾರ್ಮ್. 1862ರ ಆಗಸ್ಟ್ 28ರ ಮುಸ್ಸಂಜೆ ವಿಸ್ಕಾನ್ಸಿನ್, ಇಂಡಿಯಾನಾದ ರೆಜಿಮೆಂಟುಗಳು ಅಲ್ಲಿ ನೂರು ಗಜದಷ್ಟೇ ದೂರದಲ್ಲಿ ಶತ್ರುವಿಗೆ ಎದುರಾಗಿ, ಮರೆಯಿಲ್ಲದೆ, ಕತ್ತಲಾಗುವವರೆಗೆ ನಿಂತು ಗುಂಡು ಹಾರಿಸಿದವು. ಮೂವರಲ್ಲಿ ಒಬ್ಬ ಬಿದ್ದ.

ನಮ್ಮಲ್ಲಿ ಬಹುಮಂದಿಯ ಅನ್ನ ಕಂಪ್ಯೂಟರಿನದು. ಡೇಟಾ ಸೆಂಟರ್ ಬೇಡ ಎಂದು ನಾವು ಹೇಳುತ್ತಿಲ್ಲ, ಹೇಳಿದರೆ ಪ್ರಾಮಾಣಿಕತೆಯೂ ಆಗದು. ಅದು ಎಲ್ಲಿ ಬರಬೇಕು ಎಂಬುದಷ್ಟೇ ಪ್ರಶ್ನೆ. ವಿದ್ಯುತ್ತು, ಫೈಬರ್, ನೀರು ಇರುವ ಕೈಗಾರಿಕಾ ಜಾಗ ಬೇರೆಡೆ ಸಿಕ್ಕೀತು. ಬ್ರಾನರ್ ಫಾರ್ಮ್ ಬೇರೆಡೆ ಸಿಗುವುದಿಲ್ಲ. ಈ ಮಾತನ್ನು ಆ ಉದ್ಯಮದೊಳಗೇ ಇರುವವರು ಸಭೆಯಲ್ಲಿ ಎದ್ದು ಹೇಳಿದರೆ ಬರುವ ತೂಕವೇ ಬೇರೆ.

ಸಭೆಯಲ್ಲಿ ಒಬ್ಬರಿಗೆ ಸಾಮಾನ್ಯವಾಗಿ ಸಿಗುವುದು ಮೂರು ನಿಮಿಷ. ಇತಿಹಾಸದ ಮಹತ್ವದ ಬಗ್ಗೆ ಭಾಷಣ ಮಾಡಿದರೆ ಮೂರೂ ನಿಮಿಷ ವ್ಯರ್ಥ. ಜಾಗದ ಪಾರ್ಸೆಲ್ ಸಂಖ್ಯೆ, ಅಂದರೆ ನಮ್ಮೂರಿನ ಸರ್ವೆ ನಂಬರಿನಂಥದು, ಹೇಳಿ ಶುರುಮಾಡಿ. ಅದು ತಿರುಳು ಪ್ರದೇಶದೊಳಗಿದೆಯೇ ಹೊರವಲಯದಲ್ಲಿದೆಯೇ ಹೇಳಿ. ಆಮೇಲೆ ಎರಡು ನಿರ್ದಿಷ್ಟ ಬೇಡಿಕೆ ಇಡಿ. ಒಂದು, ಕಟ್ಟಡ ಪಾರ್ಕಿನಿಂದ ಕಾಣುವುದೇ ಎಂಬ ಪರೀಕ್ಷೆ: ಉದ್ದೇಶಿತ ಎತ್ತರಕ್ಕೆ ಬಲೂನು ಹಾರಿಸಿ, ಪಾರ್ಕಿನ ಗೊತ್ತಾದ ಜಾಗಗಳಿಂದ ಫೋಟೋ ತೆಗೆಯಬೇಕು, ಅದೂ ಚಳಿಗಾಲದಲ್ಲಿ, ಎಲೆ ಉದುರಿದ ಮೇಲೆ. ಜುಲೈ ತಿಂಗಳ ಫೋಟೋದಲ್ಲಿ ಎಂಥ ಕಟ್ಟಡವೂ ಮರಗಳ ಹಿಂದೆ ಅಡಗುತ್ತದೆ, ಅರ್ಜಿದಾರರು ತರುವುದು ಹೆಚ್ಚಾಗಿ ಆ ಫೋಟೋವನ್ನೇ. ಎರಡು, ಪುರಾತತ್ವ ಸಮೀಕ್ಷೆಯ ವಿಧಾನ. ವಾಡಿಕೆಯ ಸಮೀಕ್ಷೆಯಲ್ಲಿ 50 ಅಡಿಗೊಂದು ಸಣ್ಣ ಗುಂಡಿ ತೆಗೆದು ಮಣ್ಣು ಜರಡಿ ಹಿಡಿಯುತ್ತಾರೆ. ಮನೆ, ಕೊಟ್ಟಿಗೆ ಇದ್ದ ಜಾಗ ಹುಡುಕಲು ಅದು ಸರಿ. ಕಾಳಗ ಬಿಟ್ಟುಹೋಗುವುದು ಅಲ್ಲೊಂದು ಇಲ್ಲೊಂದು ಗುಂಡು. 50 ಅಡಿಯ ಜಾಲದಲ್ಲಿ ಅವು ನುಸುಳಿಹೋಗುತ್ತವೆ, ವರದಿಯಲ್ಲಿ ಏನೂ ಸಿಗಲಿಲ್ಲ ಎಂದು ಬರುತ್ತದೆ. ಒತ್ತೊತ್ತಾಗಿ ಸಾಲು ಹಾಕಿ ತಜ್ಞರಿಂದ ಮೆಟಲ್ ಡಿಟೆಕ್ಟರ್ ಸಮೀಕ್ಷೆ ಮಾಡಿಸಿ, ಸಿಕ್ಕ ಪ್ರತಿಯೊಂದರ ಜಾಗ ದಾಖಲಿಸಬೇಕು ಎಂಬುದು ಷರತ್ತಾಗಲಿ. ಬರೆದ ಪ್ರತಿಯೊಂದನ್ನು ಗುಮಾಸ್ತರ ಕೈಗೆ ಕೊಟ್ಟು ಬನ್ನಿ. ಮುಂದೆ ಕೋರ್ಟಿಗೆ ಹೋದಾಗ ನಿಲ್ಲುವುದು ಕಾಗದ.

ಬ್ರಿಸ್ಟೋದಲ್ಲಿ ಇದಕ್ಕೊಂದು ಒಳ್ಳೆಯ ಮಾದರಿ ಇದೆ. 1863ರ ಅಕ್ಟೋಬರ್ 14ರಂದು ದಕ್ಷಿಣದ ಎ.ಪಿ. ಹಿಲ್, ರೈಲುದಾರಿಯ ಏರಿಯ ಹಿಂದೆ ಶತ್ರು ಅಡಗಿರುವುದನ್ನು ಸರಿಯಾಗಿ ನೋಡಿಸದೆ ನುಗ್ಗಿ, ಸ್ವಲ್ಪ ಹೊತ್ತಿನಲ್ಲೇ ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡ ಜಾಗ ಅದು. 2000ದ ದಶಕದ ಆರಂಭದಲ್ಲಿ ಬಡಾವಣೆ ಕಟ್ಟುವವರೊಂದಿಗೆ ಕೂತು ಮಾತಾಡಿ, ಮನೆಗಳನ್ನು ಒಂದು ಬದಿಗೆ ಒತ್ತಾಗಿ ಹಾಕಿಸಿ, ಸುಮಾರು 130 ಎಕರೆ ರಣಭೂಮಿಯನ್ನು ದಾನವಾಗಿ ಪಡೆದರು. ಮನೆಯೂ ಆಯಿತು, ನೆಲವೂ ಉಳಿಯಿತು.

ಮನೆ ಹಿತ್ತಲಲ್ಲಿ ಟೊಮೇಟೊ, ಮೆಂತ್ಯಕ್ಕೆ ಮಡಿ ಮಾಡುವಾಗ ಬಿಳಿ ಪೊರೆಗಟ್ಟಿದ ಭಾರದ ಉಂಡೆ ಸಿಕ್ಕರೆ ಅದು ಸೀಸದ ಗುಂಡಿರಬಹುದು. ಉಜ್ಜಬೇಡಿ, ಹುಣಸೆಹಣ್ಣಿನಲ್ಲಿ ಬೆಳಗಬೇಡಿ. ಆ ಬಿಳಿ ಪೊರೆಯೇ ಅದನ್ನು ಕಾಪಾಡಿರುವುದು. ಪಕ್ಕದಲ್ಲೊಂದು ನಾಣ್ಯ ಇಟ್ಟು ಫೋಟೋ ತೆಗೆಯಿರಿ, ಫೋನಿನಲ್ಲಿ ಜಾಗ ಗುರುತು ಹಾಕಿ, ಎಷ್ಟು ಇಂಚು ಆಳ ಎಂದು ಬರೆಯಿರಿ, ಕೈ ತೊಳೆದುಕೊಳ್ಳಿ, ಕೌಂಟಿಯ ಪುರಾತತ್ವ ಅಧಿಕಾರಿಗೆ ತಿಳಿಸಿ. ತುಕ್ಕು ಹಿಡಿದ ಕಬ್ಬಿಣದ ದೊಡ್ಡ ಗುಂಡು ಅಥವಾ ಶೆಲ್ ಕಂಡರೆ ಮುಟ್ಟಲೇಬೇಡಿ, ಮಕ್ಕಳನ್ನು ದೂರ ಕಳಿಸಿ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ. ಕರಿಮದ್ದಿಗೆ 160 ವರ್ಷ ಹೆಚ್ಚೇನಲ್ಲ, ಈಗಲೂ ಸಿಡಿದೀತು. 2008ರಲ್ಲಿ ಇದೇ ವರ್ಜೀನಿಯಾದಲ್ಲಿ ಅನುಭವಸ್ಥ ಸಂಗ್ರಾಹಕರೊಬ್ಬರು ಅಂಥ ಒಂದು ಶೆಲ್ ಶುಚಿ ಮಾಡುವಾಗ ಅದು ಸಿಡಿದು ಸತ್ತರು. ಮೂಳೆ ಕಂಡರೆ ಸಲಿಕೆ ಅಲ್ಲೇ ಬಿಟ್ಟು ಪೊಲೀಸರಿಗೆ ಹೇಳಿ. ರಾಷ್ಟ್ರೀಯ ಪಾರ್ಕಿನೊಳಗಂತೂ ಮೆಟಲ್ ಡಿಟೆಕ್ಟರ್ ಒಯ್ಯುವುದೇ ಅಪರಾಧ. 1979ರ ಕಾಯ್ದೆಯಡಿ ಅಗೆದವರಿಗೆ ದಂಡ, ಜೈಲು ಎರಡೂ ಆಗಬಹುದು.

ಕೊನೆಯಲ್ಲಿ ಸೈನಿಕರ ಹೆಸರಿನ ವಿಚಾರ. ಬೆಂಗಳೂರು ಎಂಬ ಹೆಸರು ಮೊದಲು ಸಿಗುವುದು ಬೇಗೂರಿನ ವೀರಗಲ್ಲಿನಲ್ಲಿ; ಬೆಂಗಳೂರಿನ ಕಾಳೆಗದಲ್ಲಿ ಸತ್ತ ಬುಟ್ಟಣಸೆಟ್ಟಿಯ ಹೆಸರನ್ನು ಸಾವಿರದ ನೂರು ವರ್ಷಗಳಿಂದ ಆ ಕಲ್ಲು ಹೊತ್ತು ನಿಂತಿದೆ. ಆ ಕಾಳೆಗ ಯಾವ ಬಯಲಲ್ಲಿ ನಡೆಯಿತೋ ಈಗ ತೋರಿಸಲಾಗದು. ಹೆಸರು ಉಳಿಯಿತು, ನೆಲ ಹೋಯಿತು. ಇಲ್ಲಿ ಎಷ್ಟೋ ಕಡೆ ತಿರುವುಮುರುವು. ಫ್ರೆಡರಿಕ್ಸ್‌ಬರ್ಗ್‌ನ ರಾಷ್ಟ್ರೀಯ ಸ್ಮಶಾನದಲ್ಲಿ 15,000ಕ್ಕೂ ಹೆಚ್ಚು ಸೈನಿಕರಿದ್ದಾರೆ, ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಮಂದಿ ಅನಾಮಿಕರು. ಹುಲ್ಲಿನ ಮಟ್ಟಕ್ಕೆ ಚೌಕದ ಗಿಡ್ಡ ಕಲ್ಲುಗಳು. ಬಗ್ಗಿ ನೋಡಿದರೆ ಎರಡೇ ಅಂಕಿ: ಮೇಲಿನದು ಸಮಾಧಿಯ ಸಂಖ್ಯೆ, ಕೆಳಗಿನದು ಅದರೊಳಗೆ ಎಷ್ಟು ಜನ ಎಂಬುದು. ಸೈನಿಕರಿಗೆ ಆಗ ಸರ್ಕಾರ ಗುರುತಿನ ಬಿಲ್ಲೆ ಕೊಡುತ್ತಿರಲಿಲ್ಲ.

ಕಪ್ಪು ಸೈನಿಕರ ಹೆಸರು ಹುಡುಕುವುದು ಇನ್ನೂ ಕಷ್ಟ, ಇನ್ನೂ ಅಗತ್ಯ. ಗುಲಾಮರ ಬಿಡುಗಡೆಯನ್ನು ಸಾರಿದ 1863ರ ವಿಮೋಚನಾ ಘೋಷಣೆಯ ನಂತರ ಸುಮಾರು 1,79,000 ಮಂದಿ ಒಕ್ಕೂಟದ, ಅಂದರೆ ಉತ್ತರದ, ಸೇನೆಗೆ ಸೇರಿದರು. ಬಿಳಿಯ ಸಿಪಾಯಿಗೆ ತಿಂಗಳಿಗೆ 13 ಡಾಲರ್. ಇವರಿಗೆ 10, ಅದರಲ್ಲೂ 3 ಬಟ್ಟೆಗೆ ಮುರಿದು 7. ಸಮಾನ ಸಂಬಳದ ಕಾನೂನು ಬಂದದ್ದು 1864ರ ಜೂನ್‌ನಲ್ಲಿ. ರಿಚ್‌ಮಂಡ್ ಬಳಿಯ ನ್ಯೂ ಮಾರ್ಕೆಟ್ ಹೈಟ್ಸ್‌ನಲ್ಲಿ 1864ರ ಸೆಪ್ಟೆಂಬರ್ 29ರ ಬೆಳಗ್ಗೆ ತೋರಿದ ಶೌರ್ಯಕ್ಕೆ 14 ಮಂದಿ ಕಪ್ಪು ಸೈನಿಕರಿಗೆ ಅಮೆರಿಕದ ಅತ್ಯುನ್ನತ ಸೇನಾ ಗೌರವ ಮೆಡಲ್ ಆಫ್ ಆನರ್ ಸಿಕ್ಕಿತು. ಗುಲಾಮರ ಮದುವೆಗೆ ದಾಖಲೆ ಇರುತ್ತಿರಲಿಲ್ಲವಾದ್ದರಿಂದ, ಪಿಂಚಣಿ ಕೇಳಲು ಬಂದ ವಿಧವೆಯರು ನೆರೆಹೊರೆಯವರ ಸಾಕ್ಷಿ ತಂದು ಮದುವೆ ಸಾಬೀತು ಮಾಡಬೇಕಾಯಿತು. ಆ ಸಾಕ್ಷಿಗಳ ಮಾತು ವಾಷಿಂಗ್ಟನ್ನಿನ ರಾಷ್ಟ್ರೀಯ ದಾಖಲೆ ಭವನದ ಪಿಂಚಣಿ ಕಡತಗಳಲ್ಲಿ ಇಂದಿಗೂ ಇದೆ. ಮಕ್ಕಳ ಶಾಲೆಯ ಪ್ರಾಜೆಕ್ಟಿಗೆ ಸೇನಾಪತಿಗಳ ಬದಲು ಇಂಥ ಒಂದು ಕಡತ ಹಿಡಿಯಿರಿ. ಮೊದಲು ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಸೈನಿಕರ ಪಟ್ಟಿಯಲ್ಲಿ ಹೆಸರು, ರೆಜಿಮೆಂಟ್ ನೋಡಿಕೊಳ್ಳಿ. 63 ಲಕ್ಷ ಹೆಸರುಗಳಿವೆ. ಒಬ್ಬನೇ ಎರಡು ಮೂರು ಕಾಗುಣಿತದಲ್ಲಿ ಸಿಗುತ್ತಾನೆ, ಏಕೆಂದರೆ ಓದು ಬಾರದವನ ಹೆಸರನ್ನು ಗುಮಾಸ್ತ ಕಿವಿಗೆ ಬಿದ್ದಂತೆ ಬರೆದುಕೊಂಡ. ರೆಜಿಮೆಂಟ್, ಕಂಪನಿ ಎರಡೂ ಹೊಂದಿದರೆ ಮಾತ್ರ ಮುಂದಕ್ಕೆ ಹೋಗಿ.

ಮನಾಸಸ್‌ನ ಹೆನ್ರಿ ಹಿಲ್ ಮೇಲೆ ಜೇಮ್ಸ್ ರಾಬಿನ್ಸನ್ ಎಂಬ ಸ್ವತಂತ್ರ ಕಪ್ಪು ರೈತನ ಮನೆಯ ಕಲ್ಲಿನ ಅಡಿಪಾಯ ಉಳಿದಿದೆ. ಅವನ ಹೆಂಡತಿ, ಕೆಲವು ಮಕ್ಕಳು ಗುಲಾಮಗಿರಿಯಲ್ಲಿದ್ದರು. ಎರಡು ಯುದ್ಧಗಳು ಅವನ ಹೊಲದ ಮೇಲೆ ಹಾದುಹೋದವು. ಅಲ್ಲಿಂದಲೇ ನಡಿಗೆ ಶುರುಮಾಡಿ, ಬೆಳಗ್ಗೆ ಬೇಗ, ಗಟ್ಟಿ ಬೂಟು ಹಾಕಿಕೊಂಡು. ಬೇಸಿಗೆಯಲ್ಲಿ ಹುಲ್ಲಿನ ಉಣ್ಣೆಹುಳ ಜಾಸ್ತಿ. ಮುಂದಿನ ಅಹವಾಲು ಸಭೆಯ ಸೂಚನೆ ಪತ್ರಿಕೆಯಲ್ಲಿ ಬಂದ ದಿನವೇ ಪಾರ್ಸೆಲ್ ಸಂಖ್ಯೆ ಬರೆದಿಟ್ಟುಕೊಂಡು, ಮಾತಾಡುವವರ ಪಟ್ಟಿಗೆ ಹೆಸರು ಕೊಡಿ.

ಇತಿ,
ಉತ್ತರ ವರ್ಜೀನಿಯಾದ ನಿಮ್ಮ ನೆರೆಹೊರೆಯ ಕನ್ನಡಿಗರು